ಅಮೃತಪ್ಪನ ಹದಿನೇಳು ಬಾವಿಗಳು

ಅಮೃತಪ್ಪ ಲಿಂಗೈಕ್ಯನಾದ ಸುದ್ದಿ ನನಗೆ ತಿಳಿದದ್ದು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಕಳೆದ ಶ್ರಾವಣದ ಒಂದು ಸೋಮವಾರ ಮುಂಜಾನೆ. ನಾಲವಾರದ ಮಠಕ್ಕೆ ಹೊರಟಿದ್ದೆ. ಚಿತ್ತಾಪುರದ ರೈಲು ಇಳಿದು ಮುಂದಿನ ರೈಲಿಗೆ ಕಾಯುತ್ತಿದ್ದೆ. ನಮ್ಮ ಕಡೆಯ ಮನುಷ್ಯ ಪುಣ್ಯಕ್ಕೆ ಹೊರಡಲಿ, ಕೋರ್ಟಿಗೆ ಹೊರಡಲಿ, ವಾಡಿಯ ಬೆಂಚಿನ ಮೇಲೆ ಒಂದು ತಾಸು ಕೂಡದೆ ಮುಂದೆ ಹೋಗುವಂತಿಲ್ಲ. ಆಗ ಫೋನು ಬಂತು. ಅಮೃತಪ್ಪನ ಹೆಂಡತಿ ಶಿವಕಾಂತಮ್ಮ.

"ಮಾಸ್ತರ್ರ, ಚಹಾ ಕುಡದ್ರೇನು?" ಎಂದಳು.

ಕುಡಿದೆ ಎಂದೆ.

"ಏನರ ತಿಂದ್ರೇನು?"

ಸೋಮವಾರದ ಉಪವಾಸ, ಎರಡು ಬಾಳೆಹಣ್ಣು ತಿಂದಿದ್ದೇನೆ ಎಂದೆ.

"ಹಂಗಾದ್ರ ಹೇಳ್ತೀನಿ. ನಮ್ಮವ್ರು ನಸುಕಿನ್ಯಾಗ ಲಿಂಗೈಕ್ಯ ಆದ್ರು. ಗಾಬರಿ ಆಗಬ್ಯಾಡ್ರಿ, ರೈಲು ನೋಡ್ಕೊಂಡು ಬರ್ರಿ."

ಗಂಡನ ಶವದ ಮುಂದೆ ಕುಳಿತು ಗಂಡನ ಗೆಳೆಯನ ಹೊಟ್ಟೆಯ ಚಿಂತೆ ಮಾಡುವ ಮನೆ ಅದು. ನಾನು ಮಠದ ದಿಕ್ಕಿಗೆ ಕೈಮುಗಿದು ಹಿಂದಿರುಗಿದೆ.

ಸತ್ತವರ ಕುರಿತು ನಗೆಯ ಕಥೆ ಬರೆಯಬಾರದೆಂದು ತಿಳಿದವರು ಹೇಳುತ್ತಾರೆ. ಆದರೆ ನಮ್ಮೂರು ದಂಡೋತಿಯಲ್ಲಿ ಅವನ ಮಣ್ಣಿಗೆ ಬಂದವರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ಬಾವಿಯ ಕಥೆ ತೆಗೆದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಸೇರಿಸಿದರು. ಸೇರಿಸಬಾರದ್ದನ್ನೂ ಸೇರಿಸಿದರು. ಸಂಜೆಯ ಹೊತ್ತಿಗೆ ಅವನು ಬಾವಿಗಳನ್ನು ಹೆಗಲ ಮೇಲೆ ಹೊತ್ತು ಚಿತ್ತಾಪುರಕ್ಕೆ ಒಯ್ದನೆಂಬ ಮಟ್ಟಿಗೆ ಮಾತು ಬೆಳೆಯಿತು. ಆದ್ದರಿಂದ ಕಣ್ಣಾರೆ ಕಂಡ ನಾನು ನಡೆದದ್ದನ್ನು ನಡೆದಂತೆ ಬರೆದಿಡುವುದು ಧರ್ಮವೆಂದು ತಿಳಿದಿದ್ದೇನೆ.

ಅಮೃತಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವನು. ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನವೂ ಹಳಿಯ ಪಕ್ಕ ನಡೆಯುವುದು, ಸಡಿಲಾದ ಕೀಲು ಕಂಡರೆ ಬಡಿದು ಕೂಡಿಸುವುದು ಅವನ ಕೆಲಸ. ಮೂವತ್ತಾರು ವರ್ಷ ಹೀಗೆ ನಡೆದವನು ನಿವೃತ್ತನಾದ ಮೇಲೆ ಕೂಡುವನೆಂದು ಶಿವಕಾಂತಮ್ಮ ನಂಬಿದ್ದಳು. ಅವನು ಕೂಡಲಿಲ್ಲ. ಪ್ರತಿ ಶ್ರಾವಣದಲ್ಲಿ ತನ್ನ ತಂಗಿಯ ಊರಾದ ತೆಂಗಳಿಯಿಂದ ಹೊರಟು, ನಮ್ಮ ದಂಡೋತಿಯ ಮೇಲೆ ಹಾಯ್ದು, ಹಳೆಯ ಕಾಲುದಾರಿ ಹಿಡಿದು ನಾಲವಾರದ ಮಠಕ್ಕೆ ನಡೆದೇ ಹೋಗುತ್ತಿದ್ದ. ನನ್ನ ಜೊತೆ ರೈಲಿನಲ್ಲಿ ಬಾರೋ ಎಂದರೆ, "ಅಷ್ಟು ವರ್ಷ ಹಳಿ ಕಾದೀನಿ ಮಾಸ್ತರ್ರ, ಈಗ ಅದರ ಮ್ಯಾಲ ಕುಂತು ಹೋಗಲಿಕ್ಕ ನಾಚಿಗಿ ಬರ್ತದ" ಎನ್ನುತ್ತಿದ್ದ. ನಾಚಿಕೆಯಿಲ್ಲದ ನಾನು ರೈಲಿನಲ್ಲಿ ಹೋಗಿ, ಚಹಾ ಕುಡಿದು, ಅವನಿಗಿಂತ ಮೊದಲು ದರ್ಶನ ಮಾಡಿ ಬರುತ್ತಿದ್ದೆ.

ಅವನ ದಾರಿಯಲ್ಲಿ ಹದಿನೇಳು ಬಾವಿಗಳಿದ್ದವು. ಜೋಡಿ ಬೇವಿನ ಬಾವಿ, ಕುದುರಿ ಬಾವಿ, ಗವಂಡಿ ಬಾವಿ ಎಂದು ಒಂದೊಂದಕ್ಕೂ ಒಂದು ಹೆಸರು. ಬೇಸಿಗೆಯಲ್ಲಿ ನಳ ಬತ್ತಿದಾಗ ಹೊಲದ ಕೂಲಿಯವರು, ಕುರಿಯವರು, ದಾರಿಯ ಜನ ಈ ಬಾವಿಗಳನ್ನೇ ನಂಬಿಕೊಂಡಿದ್ದರು.

ಒಂದು ಚಿಕ್ಕ ಸಂಗತಿ ಇಲ್ಲಿಯೇ ಹೇಳಿಬಿಡಬೇಕು. ಅಮೃತಪ್ಪ ದಿನವೂ ಹೊತ್ತು ಇಳಿಯುವಾಗ ನಮ್ಮ ಮನೆಗೆ ಬರುತ್ತಿದ್ದ. ಮನೆಯಿಂದ ನಾಲ್ವತ್ತು ಹೆಜ್ಜೆ ದೂರದ ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಬರುತ್ತಿದ್ದ. ಬಾಗಿಲ ಬಳಿ ಬಿಟ್ಟರೆ ನಮ್ಮ ನಾಯಿ ಕಚ್ಚಿ ಒಯ್ಯುತ್ತದೆಂದು ಅವನ ಹೆದರಿಕೆ ಎಂದು ನಾನು ಊರಿಗೆಲ್ಲ ಹೇಳಿ ನಗಿಸಿದ್ದೆ. ಬಂದವನು ಕಟ್ಟೆಯ ಮೇಲೆ ಕುಳಿತು ನೀರು ಕೇಳುತ್ತಿದ್ದ. ನನ್ನ ಹೆಂಡತಿ ರಾಜೇಶ್ವರಿ ತಂಬಿಗೆ ತುಂಬಿ ಕೊಡುತ್ತಿದ್ದಳು. ಅವಳಿಲ್ಲದಾಗ ನಾನೇ ಏಳಬೇಕಾಗುತ್ತಿತ್ತು, ಗೊಣಗುತ್ತ ಏಳುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ದಿನ ಪಂಚಾಯತಿಯ ಗೋಡೆಗೆ ಕಾಗದ ಅಂಟಿಸಿದರು. ನಾನು ಕನ್ನಡಕ ಹಾಕಿಕೊಂಡು ಜನರಿಗೆ ಓದಿ ಹೇಳಿದೆ. ಹಳೆಯ ಕಾಲುದಾರಿ ಡಾಂಬರು ರಸ್ತೆಯಾಗುತ್ತದೆ. ದಾರಿಯ ಬದಿಯ ಬಳಕೆಯಿಲ್ಲದ ಬಾವಿಗಳು ಅಪಾಯ, ಆದ್ದರಿಂದ ಅವನ್ನು ಫರಸಿ ಕಲ್ಲಿನ ಚೂರು ಹಾಕಿ ಮುಚ್ಚಲಾಗುತ್ತದೆ. ಬಳಕೆಯಲ್ಲಿರುವ ಬಾವಿ ಇದ್ದರೆ ಜಿಪಿಎಸ್ ಪಾಯಿಂಟಿನ ಸಮೇತ ಒಂದು ತಿಂಗಳೊಳಗೆ ನಕ್ಷೆ ಕೊಡಬೇಕು. ಅಂಥವನ್ನು ಉಳಿಸಿ, ಕಟ್ಟೆ ಕಟ್ಟಿ, ಜಾಲರಿ ಹಾಕಿಸಲಾಗುವುದು.

ಜಿಪಿಎಸ್ ಎಂದರೇನೆಂದು ಗೊತ್ತಿದ್ದವರು ತಮಗೆ ಹೊಲದ ಕೆಲಸವಿದೆ ಎಂದರು. ಗೊತ್ತಿಲ್ಲದವರು ಸರಕಾರವನ್ನು ಬೈದರು. ಎಲ್ಲರ ಹಿಂದೆ ನಿಂತಿದ್ದ ಅಮೃತಪ್ಪ, ಗುಂಡಿ ಒತ್ತುವ ಹಳೆಯ ಫೋನಿನಲ್ಲಿ ಹೆಂಡತಿಯ ನಂಬರನ್ನೂ ಇನ್ನೊಬ್ಬರಿಂದ ಒತ್ತಿಸಿಕೊಳ್ಳುತ್ತಿದ್ದ ಅಮೃತಪ್ಪ, ಗಂಟಲು ಸರಿಮಾಡಿಕೊಂಡು ಹೇಳಿದ:

"ಹದಿನೇಳೂ ಬಾವಿ ನಾ ಕಂಪ್ಯೂಟರಿನ್ಯಾಗ ಕೂಡಸ್ತೀನಿ. ಯಾರೂ ಚಿಂತಿ ಮಾಡಬ್ಯಾಡ್ರಿ."

ದಂಡೋತಿಯ ಇತಿಹಾಸದಲ್ಲಿ ಇಂಥ ಮಾತನ್ನು ಇಷ್ಟು ಸಮಾಧಾನದಿಂದ ಆಡಿದವರು ಇಲ್ಲ. ಅವನ ನೆರೆಯವನಾದ ನರಸಪ್ಪ, ಸೇಡಂ ಕಡೆಯಿಂದ ಬಂದು ಇಲ್ಲಿ ನೆಲೆನಿಂತವನು, ಅಮೃತಪ್ಪನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ.

ಅಮೃತಪ್ಪನ ತಂಗಿಯ ಮಗ ಬಸವಲಿಂಗ ಒಂದು ಕಾಲದಲ್ಲಿ ಸುಣ್ಣದ ಕಲ್ಲಿನ ಗಣಿ ಅಳೆಯುವವರ ಬಳಿ ಕೆಲಸ ಮಾಡಿದ್ದ. ಅವನ ಹತ್ತಿರ ಹಳದಿ ಬಣ್ಣದ ಹಳೆಯ ಕೈಯಂತ್ರ ಒಂದಿತ್ತು. ಗುರುತು ಮಾಡಬೇಕಾದ ಜಾಗದಲ್ಲಿ ನಿಲ್ಲಬೇಕು, ಆಕಾಶದ ಉಪಗ್ರಹಗಳು ಸಿಗುವ ತನಕ ಕಾಯಬೇಕು, ಗುಂಡಿ ಒತ್ತಬೇಕು. ಯಂತ್ರ ಒಮ್ಮೆ ಕೂಗಿ ಆ ಜಾಗವನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಇಷ್ಟನ್ನು ಬಸವಲಿಂಗ ಒಂದು ಮಧ್ಯಾಹ್ನವೆಲ್ಲ ಹೇಳಿಕೊಟ್ಟ. ಅಮೃತಪ್ಪ ಹಳಿಯ ಕೀಲನ್ನು ಕಲಿತಷ್ಟೇ ಶ್ರದ್ಧೆಯಿಂದ ಕಲಿತ.

ಆದರೆ ಬಾವಿಯಲ್ಲಿ ಬಗ್ಗಿದಾಗ ಯಂತ್ರ ಜಾರಿ ಬಿದ್ದರೆ? ಈ ಚಿಂತೆಯಲ್ಲಿ ಅವನು ಶಹಾಬಾದಿಗೆ ಹೋಗಿ, ಬ್ಯಾಗು ಹೊಲಿಯುವ ಮುಕ್ರಮನಿಂದ ಯಂತ್ರಕ್ಕೊಂದು ಚರ್ಮದ ಚೀಲ ಮಾಡಿಸಿದ. ನಾನೂ ಜೊತೆಗಿದ್ದೆ. ಪರದೆಗೆ ಒಂದು ಕಿಟಕಿ, ಗುಂಡಿಗಳಿಗೆ ಒಂದು ಕಿಟಕಿ, ಬ್ಯಾಟರಿಗೆ ಹಿಂದೆ ಒಂದು ಬಾಗಿಲು, ಎದೆಯ ಮೇಲೆ ಅಡ್ಡ ಹಾಕಿಕೊಳ್ಳಲು ಪಟ್ಟಿ. ಯಾವ ಕಾರಣಕ್ಕೂ ಯಂತ್ರ ಹೊರಗೆ ಬರಬಾರದು, ತಾನೇ ಬೇಡಿಕೊಂಡರೂ ಬರಬಾರದು ಎಂದು ಅಮೃತಪ್ಪ ಹೇಳಿದ. ಮುಕ್ರಮ ಮಾತಿಗೆ ತಪ್ಪದ ಮನುಷ್ಯ. ಎರಡೆಳೆ ದಾರದಲ್ಲಿ ನಾಲ್ಕೂ ಕಡೆ ಹೊಲಿದು ಬಿಟ್ಟ. ಆ ಚೀಲ ಹಾಕಿಕೊಂಡು ಅಮೃತಪ್ಪ ಊರಲ್ಲಿ ನಡೆದಾಗ, ನಿಜ ಹೇಳಬೇಕೆಂದರೆ, ತಹಶೀಲ್ದಾರರ ಡ್ರೈವರನಂತೆ ಕಾಣುತ್ತಿದ್ದ. ಜನ ಎದ್ದು ನಿಂತರು. ಅವನೂ ಕುಂದ್ರಿ, ಕುಂದ್ರಿ ಎಂದ.

ತೆಂಗಳಿಯಿಂದ ನಾಲವಾರದವರೆಗೆ ಅವನಿಗೆ ಹನ್ನೊಂದು ದಿನ ಹಿಡಿಯಿತು. ಯಂತ್ರಕ್ಕೆ ಉಪಗ್ರಹ ಸಿಗುವ ತನಕ ಅವನು ಕಾಯುತ್ತಿದ್ದ. ಅವನು ಕಾಯುವುದನ್ನು ಕಂಡು ಹೊಲದವರು ಬರುತ್ತಿದ್ದರು. ಬಂದವರು ಬಿಸಿಲಲ್ಲಿ ಯಾಕೆ ನಿಂತಿದ್ದೀರಿ ಎಂದು ಮನೆಗೆ ಕರೆದೊಯ್ದು ರೊಟ್ಟಿ ಬಡಿಸುತ್ತಿದ್ದರು. ಉಂಡು ಬರುವಷ್ಟರಲ್ಲಿ ಉಪಗ್ರಹಗಳು ಬೇರೆಯಾಗಿರುತ್ತಿದ್ದವು. ಮತ್ತೆ ಮೊದಲಿಂದ. ಯಂತ್ರದಲ್ಲಿ ಪಾಯಿಂಟಿಗೆ ನಂಬರು ಮಾತ್ರ ಬೀಳುತ್ತಿತ್ತು. ಹೆಸರನ್ನೂ ನೀರಿನ ಗುಣವನ್ನೂ ಅವನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದ. "೧. ಜೋಡಿ ಬೇವು. ನೀರು ಸಿಹಿ. ಹಗ್ಗ ಎಂಟು ಮೊಳ." "೪. ಕುದುರಿ ಬಾವಿ. ಸ್ವಲ್ಪ ಸವಳು. ಹಗ್ಗ ನಾವೇ ಒಯ್ಯಬೇಕು." ಹೀಗೆ.

ಆ ಮೇಲೆ ನಾವಿಬ್ಬರೂ ಚಿತ್ತಾಪುರಕ್ಕೆ ಹೋದೆವು. ಅಲ್ಲಿ ಮೈತ್ರಿ ಎಂಬ ಲೈಸೆನ್ಸಿನ ಸರ್ವೆಯರಳ ಆಫೀಸಿದೆ. ನನ್ನ ಜೊತೆ ಶಾಲೆಯಲ್ಲಿ ಕಲಿಸುತ್ತಿದ್ದ ದೇವಾನಂದ ಮಾಸ್ತರರ ಮಗಳು. ಮೂರು ತಾಲ್ಲೂಕಿನ ಹೊಲದ ಬದುಗಳೆಲ್ಲ ಆಕೆಯ ಕಂಪ್ಯೂಟರಿನಲ್ಲಿವೆ. ಅಳತೆಯಲ್ಲಿ ಆಕೆ ಅಣ್ಣನಿಗೊಂದು ತಮ್ಮನಿಗೊಂದು ಮಾಡಿದವಳಲ್ಲವೆಂದು ಜಗಳದಲ್ಲಿ ಸೋತವರೂ ಒಪ್ಪುತ್ತಾರೆ. ವೈರು ಹಿಡಿದು ಯಂತ್ರವನ್ನು ಎಲ್ಲ ಕಡೆ ತಿರುಗಿಸಿ ನೋಡಿದಳು.

"ಕಾಕಾ, ಇದರ ಬಾಯಿ ಎಲ್ಲಿ ಅದರಿ? ಪೂರಾ ಹೊಲದು ಬಿಟ್ಟೀರಲ್ಲ."

ಹೊಲಿಗೆ ಬಿಚ್ಚಬೇಕು ಎಂದಾಗ ಅಮೃತಪ್ಪನ ಮುಖ ಸಣ್ಣದಾಯಿತು. ಮುಕ್ರಮನಿಗೆ ಫೋನು ಹಚ್ಚಿದೆವು. ಅವನು ಶಹಾಬಾದಿನಿಂದ ಡಾಕ್ಟರನಂತೆ ಮಾತಾಡಿದ. ಎಡಗಡೆಯ ಮೇಲಿನಿಂದ ಎಣಿಸಿ ಮೂರು ಟಾಕಾ ಬಿಚ್ಚಿರಿ, ನಾಲ್ಕನೆಯದು ಜೀವದ ಟಾಕಾ, ಅದನ್ನು ಮುಟ್ಟಿದರೆ ಮುಂದಿನದಕ್ಕೆ ನಾನು ಜವಾಬ್ದಾರನಲ್ಲ ಎಂದ. ಮೈತ್ರಿ ಬ್ಲೇಡು ತೆಗೆದುಕೊಂಡಳು. ಅಮೃತಪ್ಪ ಗೋಡೆಯ ಕಡೆ ತಿರುಗಿ ಷಡಕ್ಷರಿ ಜಪ ಮಾಡಿದ. ವೈರು ಒಳಗೆ ಹೋಯಿತು. ಮೈತ್ರಿ ಒಂದು ಗುಂಡಿ ಒತ್ತಿದಳು.

"ಬಂದವ್ರಿ ಕಾಕಾ. ಎಲ್ಲಾ ಬಂದವು."

ಅಮೃತಪ್ಪ ತಿರುಗಿ ನೋಡಿದ. ಆಗಲೇ ಮುಗಿದಿತ್ತು. ಅವನಿಗೆ ಸ್ವಲ್ಪ ನೋವಾಯಿತೆಂದು ನನಗೆ ತೋರಿತು.

"ನಾ ಹನ್ನೊಂದು ದಿನ ನಡದೀನವ್ವ," ಎಂದ. "ನೀ ಒಂದು ಉಸುರಿನ್ಯಾಗ ತಗೊಂಡಿ?"

ಮೈತ್ರಿ ದೊಡ್ಡ ಮನಸ್ಸಿನವಳು. ಒಂದೊಂದಾಗಿ ತೋರಿಸುತ್ತೇನೆ ಎಂದು ಪರದೆಯ ಮೇಲೆ ಪ್ರತಿ ಚುಕ್ಕೆಗೂ ನಿಲ್ಲುತ್ತ ಹೋದಳು. ಅವನು ನೋಟುಬುಕ್ಕು ನೋಡಿ ಹೆಸರು ಹೇಳಿದ, ಆಕೆ ಟೈಪ್ ಮಾಡಿದಳು. ಆಕಾಶದಿಂದ ತೆಗೆದ ಚಿತ್ರದ ಮೇಲೆ ಕಾಗಿಣಾ ನದಿ ಬಿದ್ದ ಹಗ್ಗದಂತೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಅವನ ಹನ್ನೊಂದು ದಿನ ಸಾಲಾಗಿ ಕೆಂಪು ಚುಕ್ಕೆಗಳಾಗಿ ನಿಂತಿತ್ತು. ಮೇಲಿನಿಂದ ನೋಡಿದರೆ ಬೇವಿನ ಮರವೂ ಬಾವಿಯೂ ಒಂದೇ ತೆರನ ಕಪ್ಪು ಕಲೆ. ಚುಕ್ಕೆ ಯಾವುದರ ಮೇಲಿದೆಯೆಂದು ಯಾರೂ ಕೆದಕಿ ನೋಡಲಿಲ್ಲ. ನಾನಂತೂ ಮೂವರಿಗೂ ಚಹಾ ಹೇಳುವುದರಲ್ಲಿದ್ದೆ.

"ಒಟ್ಟು ಹದಿನೆಂಟು ಅದಾವ್ರಿ," ಎಂದಳು ಮೈತ್ರಿ. "ನೀವು ಹದಿನೇಳು ಅಂದಿದ್ರಿ."

ಅಮೃತಪ್ಪ ನೋಟುಬುಕ್ಕಿನ ಕೊನೆಯ ಸಾಲಿನ ಮೇಲೆ ಅಂಗೈ ಇಟ್ಟ. "ಅದು ಆಫೀಸಿಗಿ ಅಲ್ಲವ್ವ. ಅದು ನಂದು. ಬಿಡು."

ಕೈತಪ್ಪಿ ಎಲ್ಲಿಯೋ ಗುಂಡಿ ಒತ್ತಿರಬೇಕು, ಹೇಳಲು ನಾಚಿಕೆ ಎಂದು ನಾನು ತಿಳಿದೆ. ಮೈತ್ರಿ ಹೆಚ್ಚು ಕೇಳಲಿಲ್ಲ. ಹದಿನೆಂಟನೆಯದನ್ನು ಬಿಟ್ಟು ಉಳಿದವನ್ನು ನಕ್ಷೆಗೆ ಹಾಕಿದಳು.

ಈಗ ಅಮೃತಪ್ಪ ಮುಟ್ಟಿದ್ದಕ್ಕೆ ಪಾವತಿ ಚೀಟಿ ಕೇಳಿದ. ಪಾಯಿಂಟುಗಳು ಯಂತ್ರದಿಂದ ಆಕೆಯ ಕಂಪ್ಯೂಟರಿಗೆ ಹೋದ ಮೇಲೆ ಯಂತ್ರ ಬರಿದಾಯಿತಲ್ಲ, ನಾಳೆ ಕಂಪ್ಯೂಟರು ಕೆಟ್ಟರೆ ತನ್ನ ಬಾವಿಗಳ ಗತಿಯೇನು? ಮೈತ್ರಿ ನಗದೆ "ಹದಿನೇಳು ಬಾವಿ ಸುರಕ್ಷಿತವಾಗಿ ಮುಟ್ಟಿದವು" ಎಂದು ಬರೆದು ಸಹಿ ಹಾಕಿ ಸಿಕ್ಕಾ ಒತ್ತಿಕೊಟ್ಟಳು. ಆ ಮೇಲೆ ಯಂತ್ರವನ್ನು ಅವನ ಕೈಗಿತ್ತು ತೆರೆದು ತೋರಿಸಿದಳು. ಬಾವಿಗಳೆಲ್ಲ ಇನ್ನೂ ಒಳಗೇ ಇದ್ದವು. ಅವನು ಬಹಳ ಹೊತ್ತು ನೋಡಿದ.

"ದೀಪಕ್ಕ ದೀಪ ಹಚ್ಚಿದಂಗ ಆತು ನೋಡ್ರಿ ಮಾಸ್ತರ್ರ. ಅದಕ್ಕೂ ಬೆಳಕು ಹ್ವಾತು, ಇದಕ್ಕೂ ಕಮ್ಮಿ ಆಗಲಿಲ್ಲ."

ಹೀಗೆಂದು ಎದ್ದು ಕಂಪ್ಯೂಟರಿಗೆ ಕೈಮುಗಿದ. ನಾನು ಮೂವತ್ತು ವರ್ಷ ಪಾಠ ಹೇಳಿದವನು. ಆ ಯಂತ್ರದ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನಗೂ ಹೇಳಲಾಗುತ್ತಿರಲಿಲ್ಲ.

ನಕ್ಷೆ ರಸ್ತೆಯ ಇಲಾಖೆಗೆ ಹೋಯಿತು. ಎಂಟು ದಿನದಲ್ಲಿ ನರಸಪ್ಪ ಒಂದು ಕಾಗದ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದ. ಸಿಟ್ಟು ಬಂದರೆ ಅವನ ಕನ್ನಡದೊಳಗೆ ತೆಲುಗು ನುಗ್ಗುತ್ತಿತ್ತು.

"ಏಮಿ ಮಾಸ್ತರ್ರ ಇದು? ನನ್ನ ಅಡಗಿ ಮನ್ಯಾಗ ಬಾವಿ ಅದ ಅಂತ ಬರದಾರ. ನಿಮ್ಮ ಗೆಣ್ಯಾ ಅಮೃತಪ್ಪ ಕೂಡಸಿದ್ದು."

ನೋಡಿದರೆ ನಿಜ. ಪಾಯಿಂಟ್ ನಂಬರ್ ಆರು, ಬಾವಿ. ತಪಾಸಣೆಗೆ ಬರುವ ತನಕ ಸುತ್ತಲೂ ಹತ್ತು ಅಡಿ ಜಾಗ ತೆರವಾಗಿರಬೇಕು. ಜೊತೆಗಿದ್ದ ಚಿತ್ರದಲ್ಲಿ ಕೆಂಪು ಚುಕ್ಕೆ ನರಸಪ್ಪನ ಅಡುಗೆಮನೆಯ ತಗಡಿನ ಮೇಲೆ ಕುಳಿತಿತ್ತು. ನರಸಪ್ಪನ ಅಡುಗೆಮನೆಯೇ ಹತ್ತು ಅಡಿ. ಸರಕಾರದ ಕಾಗದಕ್ಕೆ ಅಂಜುವ ಅವನ ಹೆಂಡತಿ ಅಂದೇ ಒಲೆ, ರೊಟ್ಟಿಯ ಹಂಚು, ಕಾರದ ಡಬ್ಬಿಗಳನ್ನು ಪಡಸಾಲೆಗೆ ತಂದಿಟ್ಟಳು. ಬಂದವರು ಒಲೆ ದಾಟಿ ಒಳಗೆ ಹೋಗಬೇಕಾಯಿತು. ಆದ್ದರಿಂದ ಎಲ್ಲರೂ ಒಲೆ ಯಾಕೆ ಇಲ್ಲಿದೆ ಎಂದು ಕೇಳಿದರು, ಸುದ್ದಿ ಹಬ್ಬಿತು.

ಮೂರು ದಿನದಲ್ಲಿ ಸುದ್ದಿಯ ಬಣ್ಣ ಬದಲಾಯಿತು. ನರಸಪ್ಪನ ಅಡುಗೆಮನೆಯ ಕೆಳಗೆ ನೀರಿದೆಯೆಂದು ಆಕಾಶದ ಉಪಗ್ರಹ ಕಂಡಿದೆಯಂತೆ. ಸೇಡಂನಿಂದ ಅವನ ಅತ್ತೆ ಬಂದು, ತಾನು ಮಗಳ ಬಾಣಂತನಕ್ಕೆ ಬಂದಾಗಲೇ ಆ ಮೂಲೆಯಲ್ಲಿ ಕಾಲು ತಣ್ಣಗಾಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ ಎಂದಳು. ಚಿಂಚೋಳಿಯಿಂದ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನು ಬಂದ. ಅಡುಗೆಮನೆಯ ನಡುವೆ ತೆಂಗಿನಕಾಯಿ ಎದ್ದು ನಿಂತಿತು. ಅದು ಎಲ್ಲರ ಮನೆಯಲ್ಲಿಯೂ ನಿಲ್ಲುವ ತೆಂಗಿನಕಾಯಿ ಎಂದು ನಾನು ಹೇಳಿದೆ, ಯಾರೂ ಕೇಳಲಿಲ್ಲ. ಬೈಯಲು ಹೊರಟಿದ್ದ ನರಸಪ್ಪ ಈಗ ಆ ಜಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಂದವರಿಗೆ ದೂರದಿಂದ ತೋರಿಸತೊಡಗಿದ. ಅವನ ಮನೆಯ ಹಿಂದೆ, ಹುಣಸೆಮರದ ಆಚೆ, ತಾನೇ ದಿನವೂ ನೀರು ಸೇದುವ ಬಾವಿ ಒಂದಿದೆ ಎನ್ನುವುದು ಅವನಿಗೆ ನೆನಪಿಗೇ ಬರಲಿಲ್ಲ. ಅದು ಬರಿಯ ಬಾವಿ. ಇದು ಕಂಪ್ಯೂಟರು ಕಂಡ ಬಾವಿ.

ಇಲ್ಲಿಯವರೆಗೆ ನಗು. ಮುಂದಿನದು ನಗುವಂಥದ್ದಾಗಿರಲಿಲ್ಲ. ಇಲಾಖೆಯ ಎಂಜಿನಿಯರ್ ಶೌಕತ ಅಲಿ ಎಂಬವರು ತಮ್ಮ ಫೋನಿಗೆ ನಕ್ಷೆ ಹಾಕಿಕೊಂಡು ತೆಂಗಳಿಯ ಕಡೆಯಿಂದ ತಪಾಸಣೆ ಶುರುಮಾಡಿದರು. ಮೊದಲನೆಯ ಪಾಯಿಂಟಿನಲ್ಲಿ ತಿಪ್ಪೆಯಿತ್ತು. ಎರಡನೆಯದರಲ್ಲಿ ದನದ ಕೊಟ್ಟಿಗೆಯ ಗೋಡೆ. ಮೂರನೆಯದರಲ್ಲಿ ಒಂದು ಜಾಲಿ ಗಿಡ. ನಾಲ್ಕನೆಯದರಲ್ಲಿ ದಾರಿಯೇ. ನಾಲ್ಕಕ್ಕೂ "ಸ್ಥಳದಲ್ಲಿ ಬಾವಿ ಇಲ್ಲ" ಎಂದು ಬರೆದುಕೊಂಡು, ಮೈತ್ರಿಗೆ ಫೋನು ಮಾಡಿದರು. ಗುರುವಾರ ದಂಡೋತಿಯಲ್ಲಿ ಇನ್ನೊಂದೆರಡು ನೋಡುತ್ತೇನೆ, ಅಲ್ಲಿಯೂ ಹೀಗೇ ಇದ್ದರೆ ಪಟ್ಟಿಯನ್ನೇ ತಳ್ಳಿಹಾಕುತ್ತೇನೆ, ಶುಕ್ರವಾರ ಜೋಡಿ ಬೇವಿನಿಂದ ಮುಚ್ಚುವ ಕೆಲಸ ಶುರು ಎಂದರು. ಶಹಾಬಾದಿನ ಕಡೆಯಿಂದ ಫರಸಿ ಚೂರು ತುಂಬಿದ ಟಿಪ್ಪರುಗಳು ಆಗಲೇ ಬಂದು ದಾರಿಯ ಬದಿಗೆ ಸಾಲಾಗಿ ನಿಂತಿದ್ದವು.

ಅಮೃತಪ್ಪ ಊಟ ಬಿಟ್ಟ. ಯಂತ್ರ ಸುಳ್ಳು ಹೇಳುತ್ತದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ದೀಪಕ್ಕೆ ಕೈಮುಗಿದವನು ಅದನ್ನು ಬೈಯುವುದು ಹೇಗೆ? ಹಾಗಾದರೆ ತನ್ನ ಬಾವಿಗಳೇ ಇಲ್ಲವೇ? ಬುಧವಾರ ಅವನು ಹತ್ತಿರದ ಬಾವಿಗಳಿಗೆ ಒಂದೊಂದಾಗಿ ನಡೆದು ಹೋಗಿ, ಬಗ್ಗಿ ನೋಡಿ, ಕಲ್ಲು ಹಾಕಿ ಸದ್ದು ಕೇಳಿ ಬಂದನೆಂದು ಶಿವಕಾಂತಮ್ಮ ಹೇಳಿದಳು. ಸಂಜೆ ನಮ್ಮ ಕಟ್ಟೆಗೆ ಬಂದು ತಂಬಿಗೆಯ ನೀರು ಕುಡಿದು ನನಗೂ ಹೇಳಿದ:

"ಅದಾವ್ರಿ ಮಾಸ್ತರ್ರ. ಬಾವಿ ಅಲ್ಲೇ ಅದಾವ. ಆದ್ರ ನಾಳಿ ಅವ್ರು ಕೇಳಿದ್ರ ನಾ ಏನ್ ಹೇಳಲಿ?"

ಗುರುವಾರ ನರಸಪ್ಪನ ಮನೆಯ ಮುಂದೆ ಅರ್ಧ ಊರು ನೆರೆದಿತ್ತು, ಚಿತ್ತಾಪುರದಿಂದ ಮೈತ್ರಿಯೂ ಬಂದಿದ್ದಳು. ಪಡಸಾಲೆಯ ಒಲೆ ದಾಟಿ ಶೌಕತ ಅಲಿ ಒಳಗೆ ಹೋದರು. ಫೋನು ಹಿಡಿದು ಅಡುಗೆಮನೆಯಲ್ಲಿ ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ಇಟ್ಟು, ಹಿಂಗೋಡೆಯನ್ನು ಮುಟ್ಟಿ ನಿಂತರು. ಪಾಯಿಂಟು ಅಲ್ಲಿಗೇ ಬರುತ್ತಿತ್ತು. ನರಸಪ್ಪ ಗುದ್ದಲಿ ತಂದು ಅವರ ಕಾಲ ಬಳಿ ಇಟ್ಟು, ಅಗೆಯಲು ಅಪ್ಪಣೆ ಕೊಡಿ ಎಂದ. ಶೌಕತ ಅಲಿ ಅವನನ್ನೂ ಗುದ್ದಲಿಯನ್ನೂ ಕುಂಕುಮವನ್ನೂ ನೋಡಿದರು. ಇರುವ ಬಾವಿಯನ್ನು ನೋಡಲು ತಾನು ಬಂದದ್ದು, ಇಲ್ಲದ್ದನ್ನು ಅಗೆಸಲು ಅಲ್ಲ ಎಂದು ತಿಳಿಸಿ ಹೇಳಿದರು. ಆ ಮೇಲೆ ಹೊರಗೆ ಬಂದು ಅಮೃತಪ್ಪನನ್ನು ಕರೆದರು. ದನಿ ಗಟ್ಟಿಯಿರಲಿಲ್ಲ, ಆದರೆ ಎಲ್ಲರಿಗೂ ಕೇಳಿತು.

"ಹಿರಿಯರ, ನೀವು ದೇವರಂಥಾ ಮನಷ್ಯಾರು ಅಂತ ಎಲ್ಲಾರೂ ಹೇಳ್ತಾರ. ಆದ್ರ ಬಾವಿ ಎಲ್ಲದರಿ?"

"ತೋರಸ್ತೀನಿ ಬರ್ರಿ ಸಾಹೇಬ್ರ," ಎಂದ ಅಮೃತಪ್ಪ.

ಅವನು ಮನೆಯ ಹಿಂದಕ್ಕೆ ನಡೆದ. ಊರೇ ಹಿಂದೆ ನಡೆಯಿತು. ಅಡುಗೆಮನೆಯ ಹಿಂಗೋಡೆಯ ಬಳಿ ಬಂದು ಅವನು ನಿಂತ. ಬಗ್ಗಿ ಚಪ್ಪಲಿ ಬಿಟ್ಟು ಗೋಡೆಗೆ ಜೋಡಿಸಿಟ್ಟ. ಎದೆಯ ಮೇಲಿನ ಚರ್ಮದ ಚೀಲವನ್ನು ತಲೆಯ ಮೇಲಿಂದ ತೆಗೆದು ಚಪ್ಪಲಿಯ ಮೇಲೆ ಮೆತ್ತಗೆ ಇಟ್ಟ. ಆ ಮೇಲೆ ಬರಿಗಾಲಿನಲ್ಲಿ, ಬರಿಗೈಯಲ್ಲಿ, ಹುಣಸೆಮರ ದಾಟಿ ನಾಲ್ವತ್ತೈದು ಹೆಜ್ಜೆ ನಡೆದು ಬಾವಿಯ ಮುಂದೆ ನಿಂತು ಕೈಮುಗಿದ.

ಎಲ್ಲರೂ ಬಾವಿಯ ಕಡೆ ಹೋದರು. ಮೈತ್ರಿ ಹೋಗಲಿಲ್ಲ. ಅವಳು ಗೋಡೆಯ ಬಳಿ ಮೊಣಕಾಲೂರಿ ಕುಳಿತು, ಚರ್ಮದ ಕಿಟಕಿಯಲ್ಲಿ ಯಂತ್ರದ ಪರದೆಯನ್ನೂ ತನ್ನ ಕೈಯ ನಕ್ಷೆಯನ್ನೂ ನೋಡುತ್ತಿದ್ದಳು. ಆರನೆಯ ಪಾಯಿಂಟು ಚಪ್ಪಲಿಯ ಜೋಡಿಯ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕುಳಿತಿತ್ತು.

"ಕಾಕಾ," ಎಂದು ಅಲ್ಲಿಂದಲೇ ಕೇಳಿದಳು. "ಅವತ್ತು ಗುಂಡಿ ಎಲ್ಲಿ ನಿಂತು ಒತ್ತಿದ್ರಿ?"

"ಅಲ್ಲೇ, ನೀ ಕುಂತಲ್ಲೇ."

"ಬಾವಿ ಹಂತ್ಯಾಕ ಯಾಕ ಒತ್ತಲಿಲ್ಲ?"

ಅಮೃತಪ್ಪ ಆಕೆಯನ್ನು ಕನಿಕರದಿಂದ ನೋಡಿದ. "ಚರ್ಮದ ಚೀಲ ಹೊಲಸೀನಿ ಅವ್ವ. ಚರ್ಮ ತಗೊಂಡು ಗಂಗವ್ವನ ಮುಂದ ಹೋಗ್ತಾರೇನು?"

"ಮತ್ತ ನಮಗ ಯಾರಿಗೂ ಹೇಳಲಿಲ್ಲಲ್ರಿ."

"ಇದೇನು ಹೇಳೋ ಮಾತಾ?"

ಅಲ್ಲಿ ನಿಂತ ನಮ್ಮೆಲ್ಲರಿಗೂ ಒಮ್ಮೆಲೇ ತಿಳಿಯಿತು. ತೆಂಗಳಿಯಿಂದ ನಾಲವಾರದವರೆಗೆ ಸರಕಾರದ ನಕ್ಷೆಯ ಮೇಲೆ ಕುಳಿತಿದ್ದದ್ದು ಹದಿನೇಳು ಬಾವಿಗಳಲ್ಲ, ಅಮೃತಪ್ಪ ಹದಿನೇಳು ಸಲ ಬಿಟ್ಟ ಒಂದು ಜೊತೆ ಚಪ್ಪಲಿ. ಯಂತ್ರ ಸುಳ್ಳು ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಸುಳ್ಳು ಹೇಳಿದ್ದು ತೆಂಗಿನಕಾಯಿ ಒಂದೇ.

ನಗು ಎದ್ದಿತು, ಆದರೆ ಎಂಜಿನಿಯರರ ಮುಖ ನೋಡಿ ಅರ್ಧಕ್ಕೆ ನಿಂತಿತು. ಶೌಕತ ಅಲಿ ತಮ್ಮ ಕಾಲಿನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಬಾವಿಯಿಂದ ದೂರ ನಿಂತಿರಲಿಲ್ಲ, ಅಂಚಿನ ಕಲ್ಲಿನ ಮೇಲೇ ಒಂದು ಕಾಲು ಇಟ್ಟಿದ್ದರು. ಕಾಲು ತೆಗೆದರು. ಚಪ್ಪಲಿಯಿದ್ದ ಗೋಡೆಯವರೆಗೆ ಹಿಂದೆ ನಡೆದು ಹೋಗಿ, ಕುಳಿತು, ಲೇಸು ಬಿಚ್ಚಿ, ಬೂಟುಗಳನ್ನು ಅಮೃತಪ್ಪನ ಚಪ್ಪಲಿಯ ಪಕ್ಕದಲ್ಲಿ ಇಟ್ಟರು.

"ದರ್ಗಾದ ಮುಂದ ಬಿಡ್ತೀವಿ," ಎಂದರು. "ನೀರಿನ ಮುಂದ ಬಿಡಬೇಕಂತ ನನಗ್ಯಾರೂ ಹೇಳಿರಲಿಲ್ಲ. ನಡೀರಿ ಹಿರಿಯರ, ಮೊದಲನೇ ಬಾವಿಯಿಂದ ತೋರಸ್ರಿ."

ಟಿಪ್ಪರಿನವರಿಗೆ ತಡೆಯಲು ಹೇಳಿ, ಎರಡು ದಿನ ಅವರು ಹದಿನೇಳೂ ಬಾವಿಗಳಿಗೆ ಅಮೃತಪ್ಪನ ಹಿಂದೆ ಹೋದರು. ಪ್ರತಿ ಪಾಯಿಂಟಿನಲ್ಲಿ ಜೀಪು ನಿಲ್ಲುತ್ತಿತ್ತು, ಚಪ್ಪಲಿ, ಬೂಟು, ಚರ್ಮದ ಚೀಲ ಒಂದೆಡೆ ಸೇರುತ್ತಿದ್ದವು, ಮೂವರೂ ಬರಿಗಾಲಲ್ಲಿ ನಡೆಯುತ್ತಿದ್ದರು. ಬರಿಗಾಲಲ್ಲಿ ನಡೆದು ರೂಢಿಯಿಲ್ಲದ ಎಂಜಿನಿಯರರ ಅಂಗಾಲಿಗೆ ಬೊಬ್ಬೆ ಬಂತು. ಕುದುರಿ ಬಾವಿಯ ಹತ್ತಿರ ಮುಳ್ಳು ಚುಚ್ಚಿದಾಗ ಶಿವಕಾಂತಮ್ಮ ಕಳಿಸಿದ ಎಣ್ಣೆಯಲ್ಲಿ ಅಮೃತಪ್ಪನೇ ಅವರ ಮುಳ್ಳು ತೆಗೆದ. ಮೈತ್ರಿ ಬಾವಿಯ ಅಂಚಿನಲ್ಲಿ ನಿಂತು ತನ್ನ ಯಂತ್ರದಲ್ಲಿ ಹೊಸ ಪಾಯಿಂಟು ತೆಗೆದುಕೊಂಡಳು. ನಾನು ಜೀಪಿನಲ್ಲಿಯೇ ಕುಳಿತು ಬಂದೆ. ಯಾರಾದರೂ ಚಪ್ಪಲಿ ಕಾಯಬೇಕಿತ್ತು.

ಹೊಸ ನಕ್ಷೆ ಮಂಜೂರಾಯಿತು. ಬಾವಿ ಮುಚ್ಚಲು ಬಂದಿದ್ದ ಫರಸಿಯಲ್ಲಿಯೇ ಬಾವಿಗಳಿಗೆ ಕಟ್ಟೆ ಕಟ್ಟಿದರು. ಇಂದಿಗೂ ಹದಿನೇಳರಲ್ಲಿಯೂ ನೀರಿದೆ. ನರಸಪ್ಪ ಎಂಟು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಒಲೆಯನ್ನು ಮಾತ್ರ ಒಳಗೆ ಒಯ್ಯಲಿಲ್ಲ, ಪಡಸಾಲೆಯಲ್ಲಿ ಹೊಗೆ ಚೆನ್ನಾಗಿ ಹೋಗುತ್ತದೆಂದು ಅವನ ಹೆಂಡತಿ ಕಂಡುಕೊಂಡಿದ್ದಳು.

ಅಮೃತಪ್ಪನನ್ನು ಅವನ ಹೊಲದಲ್ಲಿ ಮಣ್ಣು ಮಾಡಿದೆವು. ಶೌಕತ ಅಲಿ ಬೇರೆ ಊರಿಗೆ ವರ್ಗವಾಗಿದ್ದರೂ ಬಂದರು. ಹೊಲದ ಬದುವಿನಲ್ಲಿ ಬೂಟು ಬಿಟ್ಟು ಬಂದು ಒಂದು ಹಿಡಿ ಮಣ್ಣು ಹಾಕಿದರು. ನರಸಪ್ಪ ಎಲ್ಲರಿಗಿಂತ ಹೆಚ್ಚು ಅತ್ತ.

ಐದನೆಯ ದಿನ ಮೈತ್ರಿ ನಮ್ಮ ಮನೆಗೆ ಬಂದಳು. ಶಿವಕಾಂತಮ್ಮ ಅವಳ ಕೈಗೆ ಯಂತ್ರವನ್ನೂ ನೋಟುಬುಕ್ಕನ್ನೂ ಕೊಟ್ಟಿದ್ದಳಂತೆ. ಹಳೆಯ ಕೆಂಪು ಚುಕ್ಕೆಗಳನ್ನು ತಾನು ಕಂಪ್ಯೂಟರಿನಿಂದ ಅಳಿಸಲೇ ಇಲ್ಲ, ಬಾವಿಗಳ ನೀಲಿ ಚುಕ್ಕೆಗಳ ಪಕ್ಕದಲ್ಲಿ ಹಾಗೆಯೇ ಇಟ್ಟಿದ್ದೇನೆ ಎಂದಳು. ಒಂದು ಕೆಂಪು ಚುಕ್ಕೆಗೆ ಮಾತ್ರ ನೀಲಿಯ ಜೋಡಿ ಇರಲಿಲ್ಲ, ಹದಿನೆಂಟನೆಯದು. ಅದನ್ನು ಹುಡುಕಿಕೊಂಡು ಅವಳು ಬಂದಿದ್ದಳು.

"ಇಲ್ಲಿಗೇ ಬರ್ತದರಿ ಸರ್," ಎಂದು ನಮ್ಮ ಬೇವಿನ ಮರವನ್ನು ತೋರಿಸಿದಳು.

ನಾನು ಮರದ ಕೆಳಗೆ ಹೋಗಿ ನಿಂತೆ. ಅಲ್ಲಿ ಬಾವಿ ಇರಲಿಲ್ಲ, ಎಂದೂ ಇದ್ದದ್ದಲ್ಲ. ಆಗ ಮೈತ್ರಿ ನೋಟುಬುಕ್ಕು ತೆರೆದು, ಅವನು ಅಂಗೈ ಮುಚ್ಚಿದ್ದ ಸಾಲನ್ನು ನನ್ನ ಮುಂದೆ ಹಿಡಿದಳು. ಅವನ ದಪ್ಪ ಅಕ್ಷರ.

"೧೮. ಮಾಸ್ತರ ಮನಿ. ನೀರು ಸಿಹಿ. ಹಗ್ಗ ಬ್ಯಾಡ."

ನಾನು ಚಪ್ಪಲಿ ಬಿಟ್ಟೆ. ಅವನು ಇಪ್ಪತ್ತು ವರ್ಷ ನಡೆದ ನಾಲ್ವತ್ತು ಹೆಜ್ಜೆಯನ್ನು ಮೊದಲ ಸಲ ಬರಿಗಾಲಲ್ಲಿ ನಡೆದು ನನ್ನ ಮನೆಯ ಕಟ್ಟೆಗೆ ಬಂದೆ. ನಾಯಿ ಬಾಲ ಅಲ್ಲಾಡಿಸಿತು. ಅದು ಯಾರ ಚಪ್ಪಲಿಯನ್ನೂ ಎಂದೂ ಕಚ್ಚಿದ್ದಲ್ಲ. ರಾಜೇಶ್ವರಿ ಒಂದು ತಂಬಿಗೆ ನೀರು ತಂದು, ಅವನು ಕೂಡುತ್ತಿದ್ದ ಜಾಗದಲ್ಲಿ ಇಟ್ಟಳು.

ತಂದೆ ಪರಶಿವನೇ, ನಮ್ಮ ಅಮೃತಪ್ಪ ನಿನ್ನಲ್ಲಿಗೆ ಬಂದಿದ್ದಾನೆ. ಬಾಗಿಲಲ್ಲಿ ನೋಡಿದರೆ ಅವನು ಸಿಗುವುದಿಲ್ಲ. ಸಂಕೋಚದ ಮನುಷ್ಯ, ನಾಲ್ವತ್ತು ಹೆಜ್ಜೆ ದೂರದಲ್ಲಿ ಚಪ್ಪಲಿ ಜೋಡಿಸಿಟ್ಟು ನಿಂತಿರುತ್ತಾನೆ. ನೀನೇ ಎದ್ದು ಅಲ್ಲಿಯವರೆಗೆ ಹೋಗಿ ಅವನ ಕೈ ಹಿಡಿದು ಕರೆದುಕೊಂಡು ಬಾ. ಬಹಳ ನಡೆದು ಬಂದಿದ್ದಾನೆ, ಕೂಡಿಸು, ಒಂದು ತಂಬಿಗೆ ನೀರು ಕೊಡು. ಅವನ ಆತ್ಮ ನಿನ್ನಲ್ಲಿ ತಂಪಾಗಿರಲಿ.